ಎಲ್ಎಲ್ಆರ್ ಪುಸ್ತಕದ ಉಗಿಬಂಡಿ

ನಮ್ಮ ಎದುರುಮನೆ ಹುಡುಗ ಎಲ್ಎಲ್ಆರ್ ಟೆಸ್ಟಲ್ಲಿ ಫೇಲಾಗಿ ಬಂದ. ಬೈಕು ಓಡಿಸೋಕೆ ಬರದೆ ಫೇಲಾಗಿದ್ದಲ್ಲ. ಆ ಟೆಸ್ಟಲ್ಲಿ ಬೈಕು ಮುಟ್ಟೋದೇ ಇಲ್ಲ. ಕಂಪ್ಯೂಟರ್ ಮುಂದೆ ಕೂರಬೇಕು, ಒಂದೊಂದಾಗಿ ಪ್ರಶ್ನೆ ಬರುತ್ತೆ, ಸರಿಯಾದ ಉತ್ತರ ಒತ್ತಬೇಕು, ನೂರಕ್ಕೆ 60 ಬಂದರೆ ಪಾಸು. ಪಾಸಾದರೆ ಕಲಿಯುವವರ ಲೈಸೆನ್ಸು ಸಿಗುತ್ತೆ. ಅದಾಗಿ 30 ದಿನ ಕಳೆದ ಮೇಲೆ ಎಂಟು ಹಾಕಿ ತೋರಿಸಿ ಡಿಎಲ್ ತಗೋಬೇಕು. ಹುಡುಗನಿಗೆ ಬೆಂಗಳೂರಲ್ಲಿ ಬೈಕ್ ಮೇಲೆ ಪಾರ್ಸೆಲ್ ಹಂಚೋ ಕೆಲಸ ಗೊತ್ತಾಗಿತ್ತು. ಅಲ್ಲಿ ಮೊದಲು ಕೇಳೋದೇ ಡಿಎಲ್. ಸೇರಿಸ್ತೀನಿ ಅಂದಿದ್ದ ಗೆಳೆಯ "ಮುಂದಿನ ತಿಂಗಳವರೆಗೂ ನೋಡ್ತೀನಿ, ಆಮೇಲೆ ಬೇರೆಯವರು ಬರ್ತಾರೆ" ಅಂತ ಮೆಸೇಜ್ ಹಾಕಿದ್ದ.

ಕೆಜಿಎಫ್ ಬಲ್ಲವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಲ್ಲಿಂದೀಚೆಗೆ ನಮ್ಮ ಉರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ ಲೈನ್ ಮನೆಗಳಿಗೆ ಶಿಫ್ಟು ಅಂದ್ರೆ ಬೆಂಗಳೂರಿನ ರೈಲು. ಕತ್ತಲಿರುವಾಗಲೇ ಡಬ್ಬಿ ಕಟ್ಟಿಕೊಂಡು ಹೋಗೋದು, ಕತ್ತಲಾದ ಮೇಲೆ ಬರೋದು. ಭೂಮಿಯೊಳಗೆ ಇಳೀತಿದ್ದ ತಾತಂದಿರೂ ಸೂರ್ಯನ ಮುಖ ಅಷ್ಟೇ ನೋಡ್ತಿದ್ದರು, ಆ ಲೆಕ್ಕದಲ್ಲಿ ಹೆಚ್ಚೇನೂ ಬದಲಾಗಿಲ್ಲ.

ಸಂಜೆ ಹುಡುಗ ನಮ್ಮ ಜಗಲಿಗೆ ಬಂದು ಕೂತ. ಕೈಯಲ್ಲಿ ಒಂದು ತೆಳು ಪುಸ್ತಕ. ಆರ್‌ಟಿಓ ಆಫೀಸುಗಳ ಆಚೆ ಜೆರಾಕ್ಸ್ ಅಂಗಡಿಯಲ್ಲಿ ಮಾರ್ತಾರಲ್ಲ, ಮುಖಪುಟದ ತುಂಬಾ ಟ್ರಾಫಿಕ್ ಚಿಹ್ನೆ ಇರೋದು, ಅದು.

"ಓಡ್ಸಿ ತೋರ್ಸು ಅಂದ್ರೆ ತೋರಿಸ್ತಿದ್ದೆ ಅಂಕಲ್. ಇದ್ರಲ್ಲಿ ಏನೇನೋ ಕೇಳ್ತಾರೆ. ಮೂರು ಪ್ರಶ್ನೆ ಚೆನ್ನಾಗಿ ನೆನಪಿದೆ, ಮೂರೂ ತಪ್ಪು ಮಾಡ್ದೆ."

ಮೊದಲನೇದು ಕೇಳಿ ನಗು ಬಂತು, ಆಮೇಲೆ ಬೇಜಾರಾಯ್ತು. ಕಿರಿದಾದ ಸೇತುವೆ ಮೇಲೆ ಮುಂದಿನ ವಾಹನವನ್ನು ಹಿಂದಿಕ್ಕಬಹುದೇ ಅನ್ನೋ ಪ್ರಶ್ನೆ. ಇವನು ಹಿಂದಿಕ್ಕೋದು ಅಂದ್ರೆ ಹಿಂದೆ ಹೋಗೋದು ಅಂದುಕೊಂಡ. ಹಿಂದೆ ಹಿಂದೆ ಹೋದರೆ ತಪ್ಪೇನು? ಹೋಗಬಹುದು ಅಂತ ಒತ್ತಿದ. ಓವರ್‌ಟೇಕ್ ಅಂತ ಬರೆದಿದ್ದರೆ ಕಣ್ಣು ಮುಚ್ಚಿ ಸರಿ ಉತ್ತರ ಕೊಡ್ತಿದ್ದ. ಪಾದಚಾರಿ ಅಂದ್ರೆ ಮರಗೆಲಸದ ಆಚಾರಿ ಅಂದ್ಕೊಂಡಿದ್ದೆ ಅಂತ ಇನ್ನೊಂದು ಸೇರಿಸಿದ. ಇವನ ಮುತ್ತಾತ ಗಣಿ ಕೆಲಸಕ್ಕೆ ಬಂದದ್ದು ಉತ್ತರ ಆರ್ಕಾಟಿಂದ, ಇಲ್ಲಿಗೆ ಬಂದ ಸಾವಿರಾರು ಮನೆಗಳ ಹಾಗೆ. ಮನೇಲಿ ತಮಿಳು, ಬೀದೀಲಿ ಕನ್ನಡ, ತಮಿಳು, ತೆಲುಗು ಕಲಸಿದ ಮಾತು. ಪ್ರಶ್ನೆಯಲ್ಲಿರೋ ಕನ್ನಡ ಮನೇದೂ ಅಲ್ಲ, ಬೀದೀದೂ ಅಲ್ಲ, ಕಚೇರಿ ಕನ್ನಡ. ನನ್ನ ಕೇಳಿದ್ರೆ ಓವರ್‌ಟೇಕ್ ಅನ್ನೋದು ಈಗ ಕನ್ನಡದ್ದೇ ಮಾತು.

ಇನ್ನೆರಡು ಪ್ರಶ್ನೆ ಹಾಗಲ್ಲ. ಅವು ಭಾಷೆಯ ತೊಡಕಲ್ಲ, ಕಾಲದ ತೊಡಕು. ಅವುಗಳ ಹಿಂದೆ ಹೋದಷ್ಟೂ ಹಳೇ ರಸ್ತೆಗಳು ಸಿಗ್ತಾವೆ. ನಾನು ಇದನ್ನ ಬರೆಯೋಕೆ ಕೂತದ್ದೂ ಅದಕ್ಕೇ.

ಎರಡನೇದು ಕೈ ಸನ್ನೆ. ಬಲಗೈಯನ್ನು ಹೊರಚಾಚಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಏನರ್ಥ? ಎಡಕ್ಕೆ ತಿರುಗ್ತೀನಿ ಅಂತ. ಹುಡುಗ ಕೇಳಿದ, "ಎಡಕ್ಕೆ ಹೋಗೋಕೆ ಎಡಗೈ ತೋರಿಸಿದ್ರೆ ಆಗಲ್ವಾ ಅಂಕಲ್? ಬಲಗೈಯಲ್ಲಿ ಆಕ್ಸಿಲರೇಟರ್ ಇರುತ್ತಲ್ಲ!"

ಎಷ್ಟು ಸರಿಯಾದ ಪ್ರಶ್ನೆ ನೋಡಿ. ಬೈಕಲ್ಲಿ ಬಲಗೈ ಹಿಡಿದಿರೋದು ಆಕ್ಸಿಲರೇಟರನ್ನ, ಮುಂದಿನ ಬ್ರೇಕನ್ನ. ಅದನ್ನ ಬಿಟ್ಟು ಗಾಳೀಲಿ ತಿರುಗಿಸು ಅಂತ ಪುಸ್ತಕ ಹೇಳುತ್ತೆ. ಯಾಕೆಂದ್ರೆ ಈ ಸನ್ನೆಗಳು ಹುಟ್ಟಿದ್ದು ಬೈಕಿಗಲ್ಲ, ಬಲಗಡೆ ಸ್ಟೀರಿಂಗ್ ಇರೋ ಕಾರಿಗೆ. ಕಾರೊಳಗೆ ಕೂತವನ ಎಡಗೈ ಹೊರಗಿನವರಿಗೆ ಕಾಣಲ್ಲ. ಕಿಟಕಿ ಆಚೆ ಹೋಗೋದು ಬಲಗೈ ಒಂದೇ. ಹಾಗಾಗಿ ಎಲ್ಲ ಮಾತನ್ನೂ ಒಂದೇ ಕೈಯಲ್ಲಿ ಆಡಬೇಕಾಯ್ತು. ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಿದರೆ ನಿಧಾನ ಮಾಡ್ತೀನಿ. ಮುಂಗೈ ನೇರ ಮೇಲೆತ್ತಿದರೆ ನಿಲ್ಲಿಸ್ತೀನಿ. ನೆಟ್ಟಗೆ ಚಾಚಿದರೆ ಬಲಕ್ಕೆ, ಸುತ್ತಿಸಿದರೆ ಎಡಕ್ಕೆ. ಹಿಂದಿಂದ ಮುಂದಕ್ಕೆ ಅರ್ಧಚಂದ್ರದ ಹಾಗೆ ಬೀಸಿದರೆ ನೀನು ಮುಂದೆ ಹೋಗಪ್ಪಾ ಅಂತ. 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಸನ್ನೆಗಳಿಗೆ ಅಂತಲೇ ಒಂದು ಅನುಸೂಚಿ ಇತ್ತು. 1989ರ ರಸ್ತೆ ನಿಯಮಗಳಲ್ಲಿ ಈ ಐದೂ ಇದ್ದವು, ವಿದ್ಯುತ್ ಸಾಧನದಿಂದಲೂ ಸೂಚನೆ ಕೊಡಬಹುದು ಅನ್ನೋ ಮಾತು ಅವುಗಳ ಬೆನ್ನಿಗೇ ಬರ್ತಿತ್ತು.

ನಮ್ಮ ಸೋದರಮಾವನ ಹತ್ತಿರ ಹಳೇ ಜಾವಾ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. 1961ರಲ್ಲಿ ಅಲ್ಲಿ ಗಾಡಿ ತಯಾರಾಗೋಕೆ ಶುರುವಾಯ್ತು, 1973ರ ಹೊತ್ತಿಗೆ ಹೆಸರು ಯೆಜ್ಡಿ ಆಯ್ತು, 1996ಕ್ಕೆ ಬಾಗಿಲು ಮುಚ್ಚಿತು. ಮಾವನ ಗಾಡಿಗೆ ಇಂಡಿಕೇಟರ್ ಇರಲಿಲ್ಲ. ಕಿಕ್ಕರೂ ಗೇರೂ ಒಂದೇ ಲಿವರು. ಅದನ್ನ ಒಳಕ್ಕೊತ್ತಿ ಮೇಲಕ್ಕೆತ್ತಿ ಕಿಕ್ ಹೊಡೆದು, ಮತ್ತೆ ಮುಂದಕ್ಕೆ ಮಲಗಿಸಿ ಗೇರ್ ಹಾಕಬೇಕು. ಹೊಸಬರು ಯಾರಾದ್ರೂ ಗಾಡಿ ಕೇಳಿದ್ರೆ ಮಾವ ನಗ್ತಾ ಕೊಟ್ಟುಬಿಡ್ತಿದ್ದ, ಸ್ಟಾರ್ಟ್ ಮಾಡೋಕೇ ಬರ್ತಿರಲಿಲ್ಲ ಅವರಿಗೆ. ರಾಬರ್ಟ್‌ಸನ್‌ಪೇಟೆ ಕಡೆ ತಿರುಗುವಾಗ ಮಾವ ಕೈ ಸನ್ನೆ ಮಾಡ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಕೈ ಎತ್ತೋಕೆ ಮುಂಚೆ ಆಕ್ಸಿಲರೇಟರ್ ಬಿಟ್ಟು ಗಾಡಿ ತಾನಾಗೇ ನಿಧಾನ ಆಗೋಕೆ ಬಿಡ್ತಿದ್ದ. ಸನ್ನೆ ಮಾಡಬೇಕು ಅಂದ್ರೆ ಮೊದಲು ನಿಧಾನ ಆಗಲೇಬೇಕು. ಇಂಡಿಕೇಟರ್‌ಗೆ ಆ ಗುಣ ಇಲ್ಲ, ಬಟನ್ ಒತ್ತಿ ಅದೇ ಸ್ಪೀಡಲ್ಲಿ ನುಗ್ಗಬಹುದು.

ಆ ಮಾವನ ಗಾಡಿಯಲ್ಲೇ ನಾನೂ ಕಲಿತದ್ದು, 1984ರಲ್ಲಿ. ಆಗ ಕಂಪ್ಯೂಟರ್ ಇಲ್ಲ. ಗೋಡೆ ಮೇಲೆ ಚಿಹ್ನೆಗಳ ದೊಡ್ಡ ಬೋರ್ಡು, ಇನ್ಸ್‌ಪೆಕ್ಟರ್ ಕೈಯಲ್ಲಿ ಕೋಲು. ಕೋಲು ಇಟ್ಟ ಕಡೆ ಏನಿದೆ ಅಂತ ಹೇಳಬೇಕು. ನನಗೆ ತೋರಿಸಿದ್ದು ಕೆಂಪು ವೃತ್ತದೊಳಗೆ ರಬ್ಬರ್ ಉಂಡೆ ಇರೋ ತುತ್ತೂರಿ. ಹಾರ್ನ್ ಮಾಡಬಾರದು ಅಂತ ಅದರರ್ಥ. ಅಂಥ ಹಾರ್ನನ್ನು ನಾನು ಐಸ್‌ಕ್ಯಾಂಡಿ ಗಾಡಿಯಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ, "ಐಸ್‌ಕ್ಯಾಂಡಿ ಮಾರಬಾರದು ಸಾರ್" ಅಂದೆ. ಹಿಂದೆ ನಿಂತವರೆಲ್ಲ ನಕ್ಕರು. ಇನ್ಸ್‌ಪೆಕ್ಟರೂ ನಕ್ಕು ಪಾಸು ಮಾಡಿದರು. ಕಂಪ್ಯೂಟರ್ ನಗಲ್ಲ, ಅದೊಂದು ಕಷ್ಟ.

ಬರೀ ಹಾರ್ನ್ ಅಲ್ಲ. ಹುಡುಗನ ಪುಸ್ತಕ ತಿರುವಿ ಹಾಕಿದೆ. ಎತ್ತಿನಗಾಡಿ ನಿಷೇಧ, ಟಾಂಗಾ ನಿಷೇಧ, ಕೈಗಾಡಿ ನಿಷೇಧ. ಟಾಂಗಾ ಅಂದ್ರೇನು ಅಂತ ಕೇಳಿದ, ಜಟಕಾ ಅಂದೆ, ಅದೂ ಗೊತ್ತಾಗಲಿಲ್ಲ. ಕೊನೆಗೆ ಮೂರನೇ ಪ್ರಶ್ನೆಯ ಚಿತ್ರ ಬಂತು. ಕೆಂಪು ತ್ರಿಕೋನದೊಳಗೆ ಹೊಗೆ ಬಿಡೋ ಉಗಿಬಂಡಿ.

"ಇದನ್ನ ರೈಲ್ವೆ ಸ್ಟೇಷನ್ ಅಂತ ಒತ್ತಿದೆ ಅಂಕಲ್."

ಬೇಲಿ ಥರದ ಗೇಟಿನ ಚಿತ್ರ ಇದ್ದರೆ ಕಾವಲಿರೋ ರೈಲ್ವೆ ಗೇಟು. ಉಗಿಬಂಡಿ ಇದ್ದರೆ ಕಾವಲಿಲ್ಲದ್ದು, ಅಂದ್ರೆ ಅಲ್ಲಿ ಗೇಟೂ ಇಲ್ಲ, ಗೇಟ್‌ಮನ್ನೂ ಇಲ್ಲ, ನಿನ್ನ ಎದುರಿಗೆ ನೇರ ಬರೋದು ರೈಲೇ. ಗೇಟಿನ ಚಿತ್ರ ಬಹಳ ಹಳೇದು. 1909ರ ಅಕ್ಟೋಬರಲ್ಲಿ ಪ್ಯಾರಿಸ್ಸಲ್ಲಿ ಹಲವು ದೇಶದವರು ಸೇರಿ ಮೋಟಾರು ಸಂಚಾರಕ್ಕೆ ಒಂದು ಒಪ್ಪಂದ ಮಾಡಿಕೊಂಡರು. ಎಲ್ಲ ದೇಶದಲ್ಲೂ ಒಂದೇ ಥರ ಇರಲಿ ಅಂತ ಆಗ ಆರಿಸಿಕೊಂಡ ಎಚ್ಚರಿಕೆ ಚಿಹ್ನೆ ನಾಲ್ಕೇ ನಾಲ್ಕು: ಹಳ್ಳದಿಣ್ಣೆ, ತಿರುವು, ರಸ್ತೆಗಳು ಕೂಡೋ ಜಾಗ, ರೈಲ್ವೆ ಗೇಟು. ಈ ಹುಡುಗ ಬಾಯಿಪಾಠ ಮಾಡ್ತಿರೋ ಹತ್ತಾರು ಚಿಹ್ನೆಗಳ ವಂಶ ಶುರುವಾಗೋದು ಆ ನಾಲ್ಕರಿಂದ.

ಕಾವಲಿಲ್ಲದ ಕ್ರಾಸಿಂಗಿಗೆ ಬಂದಾಗ ಏನು ಮಾಡಬೇಕು ಅನ್ನೋದಕ್ಕೆ ಮೋಟಾರು ವಾಹನ ಕಾಯ್ದೆಯಲ್ಲಿ 131ನೇ ಕಲಂ ಇದೆ. ಗಾಡಿ ನಿಲ್ಲಿಸಬೇಕು. ಕಂಡಕ್ಟರೋ ಕ್ಲೀನರೋ ಇಳಿದು ಹಳಿಯವರೆಗೆ ನಡೆದು ಹೋಗಿ, ಎರಡೂ ಕಡೆಯಿಂದ ರೈಲು ಬರ್ತಿಲ್ಲ ಅಂತ ನೋಡಿ ಗಾಡಿಯನ್ನ ದಾಟಿಸಬೇಕು. ಅಂಥವರು ಯಾರೂ ಇಲ್ಲದಿದ್ರೆ ಚಾಲಕನೇ ಇಳಿದು ನೋಡಬೇಕು. ಬೈಕಾದ್ರೂ ಅಷ್ಟೇ, ಸ್ಟ್ಯಾಂಡ್ ಹಾಕಿ, ಇಳಿದು, ನಡೆದು, ನೋಡಿ, ವಾಪಸ್ ಬಂದು ಹತ್ತಬೇಕು. ಹುಡುಗ ನಂಬಲಿಲ್ಲ. ನಂಬದೇ ಇದ್ದಿದ್ದರಲ್ಲಿ ತಪ್ಪಿಲ್ಲ, ಅವನು ಅಂಥ ಕ್ರಾಸಿಂಗು ನೋಡಿಯೇ ಇಲ್ಲ. ದೇಶದ ಬ್ರಾಡ್‌ಗೇಜ್ ಹಾದಿಗಳಲ್ಲಿದ್ದ ಕಾವಲಿಲ್ಲದ ಕ್ರಾಸಿಂಗುಗಳನ್ನೆಲ್ಲ 2019ರ ಜನವರಿ ಹೊತ್ತಿಗೆ ರೈಲ್ವೆಯವರು ತೆಗೆದುಹಾಕಿದರು. ಉಗಿಬಂಡಿ ಅದಕ್ಕೂ ಎಷ್ಟೋ ಮುಂಚೆ ಹೋಗಿತ್ತು. ಇಲ್ಲದ ಬಂಡಿಯ ಚಿತ್ರ, ಇಲ್ಲದ ಕ್ರಾಸಿಂಗಿನ ಪ್ರಶ್ನೆ. ಲೈಸೆನ್ಸಿನ ನಿಯಮಾವಳಿ ಮಾತ್ರ ಪರೀಕ್ಷೆಯಲ್ಲಿ ಏನೇನು ಕೇಳಬೇಕು ಅಂತ ಹೇಳುವಾಗ ಚಿಹ್ನೆ, ಅಪಘಾತವಾದಾಗಿನ ಕರ್ತವ್ಯ, ಜೊತೇಲಿರಬೇಕಾದ ದಾಖಲೆಗಳ ಜೊತೆ ಕಾವಲಿಲ್ಲದ ಕ್ರಾಸಿಂಗನ್ನೂ ಹೆಸರು ಹಿಡಿದು ಸೇರಿಸಿದೆ.

ನಮ್ಮ ಕಡೆಯವರಿಗೆ ಇದು ತಮಾಷೆಯ ವಿಷಯ ಆಗಿರಲಿಲ್ಲ. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅಂತ ಹೆಸರು. ಅಲ್ಲಿಂದ ಮಾರಿಕುಪ್ಪಂಗೆ ಗಣಿಗೋಸ್ಕರ ರೈಲು ಹಾದಿ ಹಾಕಿದ್ದು 1894ರಲ್ಲಿ. ಜಗತ್ತಲ್ಲಿ ಮೊದಲ ಸಲ ಕಾರ್ಖಾನೆಯಲ್ಲಿ ತಯಾರಿಸಿ ಮಾರಿದ ಮೋಟಾರ್‌ಸೈಕಲ್ಲು, ಜರ್ಮನಿಯ ಹಿಲ್ಡೆಬ್ರಾಂಡ್ ಅಂಡ್ ವುಲ್ಫ್‌ಮ್ಯೂಲರ್, ಅದೂ ಬಂದದ್ದು ಅದೇ ವರ್ಷ. ಅಂದ್ರೆ ನಮ್ಮೂರಿಗೆ ಹಳಿ ಬಂದಾಗ ಅದನ್ನ ದಾಟೋಕೆ ಬೈಕು ಇರಲಿಲ್ಲ, ಎತ್ತಿನಗಾಡಿ ಇತ್ತು. ಬಂಗಾರಪೇಟೆಯಿಂದ ಕೋಲಾರದ ಕಡೆ ಹೋಗ್ತಿದ್ದ ಪುಟ್ಟ ನ್ಯಾರೋಗೇಜ್ ರೈಲು ಬೇರೆ. ಚಿಕ್ಕವನಿದ್ದಾಗ ಅಮ್ಮನ ಜೊತೆ ಬಸ್ಸಲ್ಲಿ ಹೋಗುವಾಗ ಹೊಲದ ಮಧ್ಯೆ ಬಸ್ ನಿಂತುಬಿಡ್ತಿತ್ತು. ಕಂಡಕ್ಟರ್ ಚರ್ಮದ ಚೀಲ ಬೆನ್ನಿಗೆ ಸರಿಸಿಕೊಂಡು ಇಳಿದು ಹಳಿ ಮಧ್ಯೆ ನಿಂತು ಆ ಕಡೆ ಈ ಕಡೆ ನೋಡಿ ರೈಟ್ ಅನ್ನೋರು. ಯಾರೋ ಹತ್ತೋಕೆ ನಿಲ್ಲಿಸಿದ್ದಾರೆ ಅಂದ್ಕೊಂಡು ನಾನು ಕಿಟಕೀಲಿ ಹುಡುಕ್ತಿದ್ದೆ.

ಹೀಗೆ ಪರೀಕ್ಷೆ ಮಾಡಿ ಲೈಸೆನ್ಸು ಕೊಡೋ ಪದ್ಧತಿ ಮೊದಲಿಂದಲೂ ಇದ್ದದ್ದಲ್ಲ. ಪ್ಯಾರಿಸ್ಸಿನ ಪೊಲೀಸರು 1893ರಲ್ಲೇ ಗಾಡಿ ಓಡಿಸೋರಿಗೆ ಅರ್ಹತಾ ಪತ್ರ ಇರಬೇಕು ಅಂದರು. ಬ್ರಿಟನ್ನಿನವರು 1903ರ ಕಾಯ್ದೆಯಲ್ಲಿ ಲೈಸೆನ್ಸು ತಂದರು, ಪರೀಕ್ಷೆ ತರಲಿಲ್ಲ. ಐದು ಶಿಲಿಂಗ್ ಕಟ್ಟಿದರೆ ಆಯ್ತು, ಮೋಟಾರ್‌ಸೈಕಲ್ಲಿಗೆ 14 ವರ್ಷ ತುಂಬಿದ್ದರೆ ಸಾಕು. ಅಲ್ಲಿ ಪರೀಕ್ಷೆ ಕಡ್ಡಾಯ ಆಗಿದ್ದು 1935ರಲ್ಲಿ. ಬ್ರಿಟಿಷ್ ಇಂಡಿಯಾಕ್ಕೆ 1914ರಲ್ಲಿ ಒಂದು ಕಾಯ್ದೆ ಬಂತು, 1939ರಲ್ಲಿ ಇನ್ನೂ ದೊಡ್ಡದು. ಈಗ ಇರೋದು 1988ರದ್ದು. ಒಂದೊಂದು ಕಾಯ್ದೆ ಬಂದಾಗಲೂ ಹಿಂದಿನದರಿಂದ ಒಂದಷ್ಟು ಹಾಗೇ ಹೊಸದಕ್ಕೆ ಇಳಿದು ಬಂತು. ಬಾಡಿಗೆ ಮನೆ ಬದಲಿಸುವಾಗ ಹಳೇ ಟ್ರಂಕನ್ನು ಬಿಚ್ಚದೇ ಲಾರಿಗೆ ಹಾಕ್ತೀವಲ್ಲ, ಹಾಗೆ.

ಟ್ರಂಕು ಅಂದಾಗ ನೆನಪಾಯ್ತು. ನಮ್ಮನೇ ಟ್ರಂಕಲ್ಲಿ ಅಪ್ಪನ ಸರ್ಟಿಫಿಕೇಟ್ ಇದೆ. ಅಪ್ಪ ವೈಂಡಿಂಗ್ ಎಂಜಿನ್ ಡ್ರೈವರ್. ಶಾಫ್ಟಲ್ಲಿ ಕೇಜ್ ಇಳಿಸೋದು, ಎತ್ತೋದು ಅವರ ಕೆಲಸ. ಕೆಜಿಎಫ್ ಅಂದ್ರೆ ಎಲ್ಲರೂ ಚಿನ್ನ ಅಂತಾರೆ, ಸಿನಿಮಾ ಬಂದ ಮೇಲೆ ಇನ್ನೇನೇನೋ ಅಂತಾರೆ. ಇದು ಪರೀಕ್ಷೆಗಳ ಊರೂ ಆಗಿತ್ತು. 1961ರ ಲೋಹ ಗಣಿ ನಿಯಮಗಳ ಪ್ರಕಾರ ಮದ್ದು ಸಿಡಿಸೋನಿಗೆ ಬ್ಲಾಸ್ಟರ್ ಸರ್ಟಿಫಿಕೇಟು, ಮೇಸ್ತ್ರಿಗೆ ಮೈನಿಂಗ್ ಮೇಟ್ ಸರ್ಟಿಫಿಕೇಟು, ಮೇಲೆ ಫೋರ್‌ಮನ್, ವೈಂಡರ್‌ಗಳಲ್ಲಿ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್. ಹಗಲು ಕೆಲಸ ಮಾಡಿ ರಾತ್ರಿ ದೀಪದಡಿ ಕೂತು ಓದೋ ಗಂಡಸರು ಪ್ರತಿ ಲೈನಲ್ಲೂ ಇದ್ದರು. ಅಕ್ಷರ ಕಮ್ಮಿ ಇದ್ದವರು ಮಕ್ಕಳ ಕೈಲಿ ಓದಿಸಿ ಕೇಳಿಸಿಕೊಂಡು ಬಾಯಿಪಾಠ ಮಾಡೋರು.

ಅದರಲ್ಲಿ ಮುಖ್ಯವಾದದ್ದು ಗಂಟೆ ಪಾಠ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಕೆಳಗೆ ಕೇಜ್ ಹತ್ತಿದವರು ಮೇಲೆ ಎಂಜಿನ್ ಮುಂದೆ ಕೂತವನಿಗೆ ಕಾಣಲ್ಲ, ಅವರು ಕೂಗಿದ್ದು ಕೇಳಲ್ಲ. ಅವನ ಮುಂದೆ ಇರೋದು ಕೇಜ್ ಎಷ್ಟು ಆಳದಲ್ಲಿದೆ ಅಂತ ತೋರಿಸೋ ಮುಳ್ಳು, ಕಿವಿಗೆ ಬೀಳೋದು ಗಂಟೆ. ಒಂದು ಗಂಟೆ ಬಿದ್ದರೆ ಓಡ್ತಿರೋ ಕೇಜ್ ನಿಲ್ಲಬೇಕು. ಜನ ಹತ್ತುತ್ತಾರೆ ಅನ್ನೋದಕ್ಕೆ ಬೇರೆ ಎಣಿಕೆ, ಏರಿಸೋದಕ್ಕೆ ಬೇರೆ, ಇಳಿಸೋದಕ್ಕೆ ಬೇರೆ. ಆ ಎಣಿಕೆಯ ಪಟ್ಟಿಯನ್ನು ಎಂಜಿನ್ ಮನೇಲೂ ಕೇಜ್ ನಿಲ್ಲೋ ಜಾಗಗಳಲ್ಲೂ ತೂಗು ಹಾಕಬೇಕು ಅನ್ನೋದು ಕಾನೂನು. ಅಪ್ಪ ಊಟಕ್ಕೆ ಕೂತಾಗ ನಾವು ತಟ್ಟೆ ಮೇಲೆ ಚಮಚದಲ್ಲಿ ಟಣ್ ಅಂತ ಹೊಡೆದರೆ ತುತ್ತು ಎತ್ತಿದ ಕೈ ಅಲ್ಲೇ ನಿಲ್ಲಿಸೋರು. ನಮಗೆ ಆಟ. ಅವರಿಗೂ ಆಟವೇ ಅಂದ್ಕೊಂಡಿದ್ದೆ. ರಿಟೈರಾದ ಮೇಲೂ, ಯಾರದೋ ಸೈಕಲ್ ಬೆಲ್ ಆದಾಗ ಆ ಕೈ ನಿಂತದ್ದನ್ನ ನೋಡಿದ ಮೇಲೆ ಚಮಚ ಹೊಡೆಯೋದು ಬಿಟ್ಟೆ.

ಈ ಹುಡುಗನಿಗೆ ಅದನ್ನೇ ಹೇಳಿದೆ. ನಿನ್ನ ಹಿಂದೆ ಲಾರಿ ಓಡಿಸ್ತಿರೋನಿಗೆ ನೀನು ಯಾರು, ಮುಂದೆ ಏನು ಮಾಡ್ತೀಯ ಗೊತ್ತಿಲ್ಲ. ನೀನು ತೋರಿಸಿದ್ದಷ್ಟೇ ಅವನಿಗೆ ಗೊತ್ತು. ನಿನ್ನ ತಾತ ಕೇಜಲ್ಲಿ ಇಳೀತಿದ್ದಾಗ ಮೇಲೆ ಕೂತಿದ್ದವರಿಗೂ ಅಷ್ಟೇ ಗೊತ್ತಿದ್ದದ್ದು.

"ತಾತನ್ನ ನಿಮ್ಮಪ್ಪ ಇಳಿಸಿದ್ರಾ ಅಂಕಲ್?"

ಇಳಿಸಿರಬಹುದು. ಇಬ್ಬರೂ ಒಂದೇ ಶಾಫ್ಟಲ್ಲಿ ಕೆಲವು ವರ್ಷ ಇದ್ದವರು. ಅವನ ತಾತನ್ನ ಎತ್ತಿ ಮೇಲೆ ತಂದಿರೋದಂತೂ ನಿಜ, ಇಲ್ಲದಿದ್ರೆ ಈ ಹುಡುಗ ಎಲ್ಲಿರ್ತಿದ್ದ?

ಗಣಿ ಮುಚ್ಚಿದ ಮೇಲೆ ಆ ಸರ್ಟಿಫಿಕೇಟುಗಳಿಗೆ ಕೆಲಸ ಇಲ್ಲದಂತಾಯ್ತು. ದೂರದ ಹಟ್ಟಿಯಲ್ಲಿ ಚಿನ್ನದ ಗಣಿ ಇನ್ನೂ ನಡೀತಿದೆ, ಆದರೆ ಒಂದಿಡೀ ಊರಿನ ವೈಂಡರ್‌ಗಳಿಗೆ, ಬ್ಲಾಸ್ಟರ್‌ಗಳಿಗೆ ಅಲ್ಲಿ ಎಲ್ಲಿ ಜಾಗ? ಬೆಂಗಳೂರಲ್ಲಿ ಅವನ್ನ ತೋರಿಸಿದ್ರೆ ಸೆಕ್ಯುರಿಟಿ ಗಾರ್ಡ್ ಕೆಲಸ ಸಿಗ್ತಿತ್ತು. ಅವರ ಮಕ್ಕಳು, ಮೊಮ್ಮಕ್ಕಳು ಈಗ ತಗೋತಿರೋ ಸರ್ಟಿಫಿಕೇಟು ಡಿಎಲ್. ಕ್ಯಾಬು, ಆಟೋ, ಬೈಕು. ಜಿಲ್ಲಾ ಕೇಂದ್ರ ಕೋಲಾರದ್ದು ಕೆಎ-07, ನಮ್ಮದು ಬೇರೆಯೇ ನಂಬರು, ಕೆಎ-08. ಬೆಂಗಳೂರಿನ ಸಿಗ್ನಲ್ಲಲ್ಲಿ ಕೆಎ-08 ಕಂಡರೆ ನಾನು ಈಗಲೂ ಹೆಲ್ಮೆಟ್ ಒಳಗಿನ ಮುಖ ನೋಡೋಕೆ ಬಗ್ತೀನಿ.

ಎಂಟು ದಿನ ಓದಿಸಿದೆ. ಪುಸ್ತಕದ ಕನ್ನಡವನ್ನ ಮೊದಲು ನಮ್ಮ ಕನ್ನಡಕ್ಕೆ, ಬೇಕಾದ ಕಡೆ ತಮಿಳಿಗೆ ತಂದೆ. ಎಂಟು ಮೂಲೆಯ ಕೆಂಪು ಬೋರ್ಡು ಇರೋದು ನಿಲ್ಲು ಅನ್ನೋದಕ್ಕೆ ಮಾತ್ರ, ತಲೆಕೆಳಗಾದ ತ್ರಿಕೋನ ದಾರಿ ಬಿಡು ಅನ್ನೋದಕ್ಕೆ ಮಾತ್ರ. ಧೂಳು ಮುಚ್ಚಿದ್ರೂ, ಹಿಂದಿನಿಂದ ನೋಡಿದ್ರೂ ಆಕಾರದಲ್ಲೇ ಗೊತ್ತಾಗುತ್ತೆ. ಸೈನೈಡ್ ದಿಬ್ಬದ ಮರಳು ಗಾಳೀಲಿ ಎದ್ದು ಊರಿನ ಬೋರ್ಡುಗಳ ಮೇಲೆಲ್ಲ ಕೂರೋದನ್ನ ನೋಡಿ ಬೆಳೆದವನಿಗೆ ಇದು ತಟ್ಟನೆ ಅರ್ಥ ಆಯ್ತು. ಸಲಿಕೆ ಹಿಡಿದ ಮನುಷ್ಯನ ಚಿತ್ರಕ್ಕೆ "ಗಣಿ ಇದೆ" ಅಂದ. ಕಾಮಗಾರಿ ನಡೀತಿದೆ ಅಂತ ತಿದ್ದಿದೆ, ತಿದ್ದೋಕೆ ಮನಸ್ಸು ಬರಲಿಲ್ಲ. ಅಪಘಾತ ಆದರೆ ಗಾಯಗೊಂಡವರನ್ನ ಆಸ್ಪತ್ರೆಗೆ ಸೇರಿಸಬೇಕು, ಪೊಲೀಸರಿಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸಬೇಕು ಅನ್ನೋದನ್ನ ಮಾತ್ರ ಅರ್ಥ ಗಿರ್ಥ ಅಂತ ಎಳೆಯದೆ ಹಾಗೇ ಬಾಯಿಪಾಠ ಮಾಡಿಸಿದೆ. ಕೈ ಸನ್ನೆಗಳನ್ನ ಬೀದೀಲಿ ಮಾಡಿಸಿದೆ. ನಾನು ನಡ್ಕೊಂಡು ಮುಂದೆ ಹೋಗೋದು, ಕೈ ತೋರಿಸೋದು, ಅವನು ಹಿಂದೆ ನಿಂತು ಏನಂತ ಕೂಗೋದು. ಎದುರುಮನೆ ಜಗಲಿಯಿಂದ ಅವರಮ್ಮ "ಏನ್ ಸಾರ್, ಎಲ್ಲಿಗೆ ತಿರುಗ್ತಿದ್ದೀರಾ" ಅಂತ ನಗೋರು.

ಎರಡನೇ ಸಲ ಪಾಸಾದ. ಉಗಿಬಂಡಿ ಬಂದಿತ್ತಂತೆ. "ಇಳಿದು ನೋಡಬೇಕು ಅಂತ ಒತ್ತಿದೆ ಅಂಕಲ್, ಹಸಿರು ಬಂತು."

ಬಿಳಿ ರಟ್ಟನ್ನು 18 ಸೆಂಟಿಮೀಟರ್ ಚೌಕಕ್ಕೆ ಸ್ಕೇಲಿಟ್ಟು ಕತ್ತರಿಸಿ, ಕೆಂಪು ಟೇಪಲ್ಲಿ ಎಲ್ ಅಂಟಿಸಿ ಮುಂದೊಂದು ಹಿಂದೊಂದು ಕಟ್ಟಿಕೊಂಡಿದ್ದಾನೆ. ಹಿಂದೆ ಗೆಳೆಯರನ್ನ ಕೂರಿಸೋ ಹಾಗಿಲ್ಲ ಅನ್ನೋದನ್ನೂ ಓದಿಕೊಂಡಿದ್ದ, ಕೇಳಿದವರಿಗೆಲ್ಲ ಹೇಳ್ತಿದ್ದ. ಬೆಳಗ್ಗೆ ಬೆಳಗ್ಗೆ ಖಾಲಿ ಮೈದಾನದಲ್ಲಿ ಸುಣ್ಣದಲ್ಲಿ ಎಂಟು ಬರೆದು ಸುತ್ತುತ್ತಾನೆ, ಬೆಂಗಳೂರಿನ ರೈಲು ಹೋದ ಮೇಲೆ ಅದರ ಸದ್ದು ಮನೇವರೆಗೂ ಕೇಳುತ್ತೆ. ನಿನ್ನೆ ಕೇಳಿದೆ, ಹೇಗಾಗ್ತಿದೆ ಅಂತ.

"ಬಲಗಡೆ ಸುತ್ತು ಸರಿ ಬರುತ್ತೆ ಅಂಕಲ್. ಎಡಗಡೆ ತಿರುಗುವಾಗಲೇ ಕಾಲು ಕೆಳಗೆ ಹೋಗುತ್ತೆ."